ಸಂಬಳದ ಚೀಟಿ

ಫೆರಾರಾದ ಈ ಮನೆಗೆ ನಾನು ಬಂದ ದಿನ
ನೀವು ಕಾಫಿ ಕೊಡಲಿಲ್ಲ, ಊರು ಕೇಳಲಿಲ್ಲ.
ಅಡುಗೆಮನೆಯ ಮೇಜು ಒರೆಸಿ
ನಾಲ್ಕು ಹಾಳೆ ಹರಡಿದಿರಿ.
"ಓದು. ತಿಳಿಯದ ಕಡೆ ಗೆರೆ ಎಳಿ.
ತಿಳಿಯದೆ ಸಹಿ ಹಾಕಿದವರನ್ನು
ಸಕ್ಕರೆ ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ ಕೂತು
ಮೂವತ್ತೊಂದು ವರ್ಷ ನೋಡಿದ್ದೇನೆ."

ವಾರಕ್ಕೆ ಐವತ್ತನಾಲ್ಕು ಗಂಟೆ.
ಭಾನುವಾರ ಪೂರ್ತಿ ನನ್ನದು,
ಗುರುವಾರ ಮಧ್ಯಾಹ್ನದಿಂದಾಚೆ ನನ್ನದು.
ನನ್ನ ಕೋಣೆಗೆ ಒಳಗಿನಿಂದ ಚಿಲಕ.
ಡಿಸೆಂಬರಿನಲ್ಲಿ ಹದಿಮೂರನೆಯ ಸಂಬಳ.
ವರ್ಷಕ್ಕೆ ಹನ್ನೆರಡೇ ತಿಂಗಳಲ್ಲವೇ ಎಂದು ತಿದ್ದಹೋದರೆ
ಕನ್ನಡಕದ ಮೇಲಿಂದ ನೋಡಿದಿರಿ:
"ಕ್ಯಾಲೆಂಡರಿಗೆ ಹನ್ನೆರಡು. ಕಾನೂನಿಗೆ ಹದಿಮೂರು."

ಇದಕ್ಕೆ ಮೊದಲು, ಪಾದುವಾದ ಮನೆಯಲ್ಲಿ,
ನನ್ನನ್ನು ಮನೆಮಗಳು ಎನ್ನುತ್ತಿದ್ದರು.
ಮನೆಮಗಳಿಗೆ ರಜೆ ಎಲ್ಲಿಯದು?
ಮನೆಮಗಳ ಹೆಸರು ಯಾವ ಕಚೇರಿಯ ಪುಸ್ತಕದಲ್ಲಿರುತ್ತದೆ?
ತಿಂಗಳ ದುಡ್ಡನ್ನು ಬ್ರೆಡ್ಡಿನ ಡಬ್ಬಿಯ ಕೆಳಗೆ ಮಡಚಿಟ್ಟು
ಕಳ್ಳಮಾಲಿನ ಹಾಗೆ ಕೊಡುತ್ತಿದ್ದರು.
ಮೂರು ವರ್ಷ ಮುದುಕನನ್ನು ಎತ್ತಿದೆ, ಇಳಿಸಿದೆ.
ಸೊಂಟ ಹಿಡಿದು ನಾನೇ ಬಿದ್ದಾಗ
ಆಸ್ಪತ್ರೆಯ ಕಿಟಕಿಯ ಹುಡುಗ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ
ಮೆಲ್ಲಗೆ ಹೇಳಿದ:
ಅಮ್ಮಾ, ನೀವು ಇಲ್ಲಿ ಇಲ್ಲವೇ ಇಲ್ಲ.

ನಿಮ್ಮ ಮಾತಿನ ರೀತಿಯೇ ಬೇರೆ.
"ನೀನು ನನ್ನ ಮಗಳಲ್ಲ, ಪರಾಸ್ಕೋವಿಯಾ.
ಮಗಳಿಗೆ ನಾನು ಬಿಡಿಗಾಸೂ ಕೊಡುವವಳಲ್ಲ."
ಮೊದಲು ಚುಚ್ಚಿತು. ಆಮೇಲೆ ಆ ಮಾತನ್ನು
ಉಣ್ಣೆಯ ಕಾಲುಚೀಲದ ಹಾಗೆ
ದಿನವೂ ಬೂಟಿನೊಳಗೆ ತೊಟ್ಟುಕೊಂಡು ಓಡಾಡಿದೆ.

ಮೂರು ತಿಂಗಳಿಗೊಮ್ಮೆ ಅಂಚೆ ಕಚೇರಿ:
ನನ್ನ ಪಿಂಚಣಿಯ ವಂತಿಗೆ ಕಟ್ಟಲು
ನನ್ನದೇ ತೋಳು ಹಿಡಿದು ನಡೆಯುತ್ತಿದ್ದಿರಿ.
ಸೈಕಲ್ಲು ಕಾಣದೆ ಬರೀ ಗಂಟೆ ಕೇಳುವಂಥ ಮಂಜು.
ರಸೀದಿಯನ್ನು ನನ್ನ ಕೈಗಿಟ್ಟು,
"ಇದು ನಿನ್ನ ಮುದಿತನ. ಕಳಕೋಬೇಡ."

ಮರೆವು ಒಂದೇ ಸಲ ಬರಲಿಲ್ಲ.
ಮೊದಲು ಒಲೆ. ಆಮೇಲೆ ಬೀದಿಯ ಹೆಸರು.
ಆಮೇಲೆ ತಿಂಗಳಿಗೆ ಎರಡೆರಡು ಸಲ ಸಂಬಳ.
ಎರಡನೆಯ ಲಕೋಟೆಯನ್ನು ಡ್ರಾಯರಿಗೆ ಹಿಂತಿರುಗಿಸಿ
ನಿಮ್ಮದೇ ಪುಸ್ತಕದಲ್ಲಿ ಬರೆದಿಡುತ್ತಿದ್ದೆ: ಕೊಟ್ಟಾಗಿದೆ.
ಸುಳ್ಳೇಕೆ, ಒಂದು ಸಲ,
ಮೊಲ್ದೋವಾದಲ್ಲಿ ತಮ್ಮನ ಮನೆಯ ಚಾವಣಿ ಹಾರಿದ ತಿಂಗಳು,
ಲಕೋಟೆ ಒಂದು ರಾತ್ರಿ ನನ್ನ ದಿಂಬಿನಡಿ ಮಲಗಿತ್ತು.
ನಿದ್ದೆ ಬಂದದ್ದು ಅದಕ್ಕೆ, ನನಗಲ್ಲ.

ಈ ನವೆಂಬರಿನಲ್ಲಿ ನಾನು ಮಿರೆಲ್ಲಾ ಆದೆ,
ನಾನಿಲ್ಲದ ಭಾನುವಾರಗಳಲ್ಲಿ ಬಂದುಹೋಗುವ ನಿಮ್ಮ ಮಗಳು.
ಕೂದಲೇಕೆ ಹೀಗೆ ಕತ್ತರಿಸಿಕೊಂಡೆ ಎಂದು ಬೈದು
ಕೆನ್ನೆ ಸವರಿ
ಹಣದ ಚೀಲದ ಗುಂಡಿ ಹಾಕಿಕೊಂಡಿರಿ.
ಹೌದಲ್ಲ, ಮಗಳಿಗೆ ಯಾರು ಸಂಬಳ ಕೊಡುತ್ತಾರೆ?
ಪಾದುವಾದ ಗಾಳಿ ಬೆನ್ನಿಗೆ ಬಡಿಯಿತು.

ನಿನ್ನೆ ಸಂಬಳದ ಚೀಟಿ ಬಂತು.
ಏನೂ ಹೇಳದೆ ನಿಮ್ಮ ಮುಂದಿಟ್ಟೆ.
ಚಮಚ ಹಿಡಿಯಲಾರದ ಕೈ
ಕೆಂಪು ಪೆನ್ಸಿಲನ್ನು ತಾನೇ ಹುಡುಕಿಕೊಂಡಿತು.
ಸಾಲಿಂದ ಸಾಲಿಗೆ ಇಳಿಯಿತು ಬೆರಳು,
ತುಟಿ ಕೂಡಿಸಿತು, ದಶಕ ಕೈಗೆ ಬಂತು,
ಸಂತರ ಹಬ್ಬದ ದಿನದ ಗಂಟೆಗಳ ಬಳಿ
ತಟ್ಟನೆ ನಿಂತಿತು.

"ಮಿರೆಲ್ಲಾ, ಇಲ್ಲಿ ನೋಡು.
ಹಬ್ಬದ ದಿನ ದುಡಿಸಿ
ಏಳು ಯೂರೋ ಕಮ್ಮಿ ಕೊಟ್ಟಿದ್ದೇವೆ ಈ ಹೆಂಗಸಿಗೆ.
ಪರಾಸ್ಕೋವಿಯಾ... ಯಾರಿದು?
ಯಾರೇ ಆಗಲಿ, ನಾಳೆಯೇ ತಲುಪಿಸು."

ತಲುಪಿಸುತ್ತೇನಮ್ಮಾ, ಎಂದೆ.

"ಸಹಿ ಮಾತ್ರ
ಅವಳ ಕೈಯಲ್ಲೇ ಹಾಕಿಸು."